ಟ್ರಿಮ್ಮರ್, ಪ್ಲಂಜ್ ರೂಟರ್, ರೂಟರ್ ಟೇಬಲ್: ಒಂದೇ ಕಪಾಟು, ಮೂರು ಬಗೆಯ ಅಪಾಯ

ಕಳೆದ ಮಳೆಗಾಲದಲ್ಲಿ ಮನೆಗೊಂದು ಪುಸ್ತಕದ ಕಪಾಟು ಮಾಡಿಕೊಳ್ಳುವ ನೆಪದಲ್ಲಿ, ಮೂರು ಬಗೆಯ ರೂಟರ್ ವ್ಯವಸ್ಥೆಗಳನ್ನು ಒಂದೇ ಕೆಲಸಕ್ಕೆ ಹಚ್ಚಿ ನೋಡುವ ಅವಕಾಶ ನನಗೆ ಒದಗಿತು. ರೂಟರ್ ಎಂದರೆ ಬಿಟ್ ಎಂಬ ಅಲಗನ್ನು ಅತಿ ವೇಗದಲ್ಲಿ ತಿರುಗಿಸಿ ಮರದ ಅಂಚಿಗೆ ಆಕಾರ ಕೊಡುವ, ಮರದಲ್ಲಿ ಕಾಲುವೆಯಂಥ ಗ್ರೂವ್ ತೋಡುವ ಯಂತ್ರ. ಮೊದಲನೆಯದು ಒಂದೇ ಕೈಯಲ್ಲಿ ಹಿಡಿಯಬಹುದಾದ ನನ್ನ ಸ್ವಂತ ಟ್ರಿಮ್ಮರ್. ಎರಡನೆಯದು ಪರಿಚಯದ ಮೇಸ್ತ್ರಿಯೊಬ್ಬರಿಂದ ಎರವಲು ತಂದ, ಮೋಟಾರನ್ನು ಮೇಲಿನಿಂದ ಒತ್ತಿ ಬಿಟ್ಟನ್ನು ಮರದೊಳಕ್ಕೆ ಇಳಿಸುವ, ಎರಡು ಹಿಡಿಕೆಗಳ ಭಾರವಾದ ಪ್ಲಂಜ್ ರೂಟರ್. ಅದೇ ಯಂತ್ರವನ್ನು ಪ್ಲೈವುಡ್ ಮೇಜಿನ ಅಡಿಯಲ್ಲಿ ತಲೆಕೆಳಗಾಗಿ ಬಿಗಿದು ಮಾಡಿಕೊಂಡ ರೂಟರ್ ಟೇಬಲ್ ಮೂರನೆಯದು. ಯಾವುದು ಎಷ್ಟು ನಯವಾಗಿ ಕೊರೆಯುತ್ತದೆ ಎಂಬುದಕ್ಕಿಂತ, ಕೆಲಸ ಕೈತಪ್ಪಿದ ಕ್ಷಣದಲ್ಲಿ ಬಿಟ್ ಎಲ್ಲಿರುತ್ತದೆ, ನನ್ನ ಬೆರಳು ಎಲ್ಲಿರುತ್ತದೆ ಎಂಬುದನ್ನೇ ನಾನು ಮುಖ್ಯವಾಗಿ ಗಮನಿಸಿದೆ.

ಟ್ರಿಮ್ಮರ್ ನೋಡಲು ಸಾಧು. ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಆಟಿಕೆಯಂತೆ ಕಂಡದ್ದರಿಂದಲೇ ಅದನ್ನು ಕೊಂಡೆನೆಂದು ಒಪ್ಪಿಕೊಳ್ಳಬೇಕು. ಆದರೆ ಈ ಜಾತಿಯ ಯಂತ್ರಗಳು ನಿಮಿಷಕ್ಕೆ ಸುಮಾರು 30,000 ಸುತ್ತು ತಿರುಗುತ್ತವೆ, ಮತ್ತು ಹಲವು ಮಾದರಿಗಳಲ್ಲಿ ಸ್ವಿಚ್ಚನ್ನು ಒಮ್ಮೆ ಮುಂದಕ್ಕೆ ತಳ್ಳಿದರೆ ನಾವೇ ಹಿಂದಕ್ಕೆಳೆಯುವವರೆಗೂ ಅದು ಅಲ್ಲಿಯೇ ನಿಲ್ಲುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದರ ಅರ್ಥವೇನೆಂಬುದು ಎರಡನೆಯ ದಿನವೇ ತಿಳಿಯಿತು. ಹಲಗೆಯ ಅಂಚನ್ನು ಅರ್ಧ ದುಂಡು ಮಾಡುತ್ತಿದ್ದಾಗ ಕರೆಂಟು ಹೋಯಿತು. ಯಂತ್ರವನ್ನು ಮೇಜಿನ ಮೇಲೆ ಮಲಗಿಸಿ ಕಾಫಿಗೆಂದು ಒಳಗೆ ಹೋದೆ. ಹತ್ತು ನಿಮಿಷದ ನಂತರ ಕರೆಂಟು ಬಂದಾಗ ಶೆಡ್ಡಿನಿಂದ ಕರಕರ ಸದ್ದು ಕೇಳಿಸಿತು. ಓಡಿಹೋಗಿ ನೋಡಿದರೆ, ಯಾರೂ ಮುಟ್ಟದ ಟ್ರಿಮ್ಮರ್ ತಾನಾಗಿ ತಿರುಗಿ ಮೇಜಿನಿಂದ ಉರುಳಿ, ಸ್ಟೂಲಿನ ಕಾಲಿನಲ್ಲಿ ಬೆರಳಗಲದ ಹಳ್ಳ ತೋಡಿ, ತನ್ನದೇ ವೈರಿನ ಪಕ್ಕದಲ್ಲಿ ನೆಲದ ಮೇಲೆ ಕುಣಿಯುತ್ತಿತ್ತು. ಅಂದಿನಿಂದ ಕರೆಂಟು ಹೋದ ಕೂಡಲೇ ನನ್ನ ಕೈ ಮೊದಲು ಹೋಗುವುದು ಪ್ಲಗ್ಗಿಗೆ. ಕರೆಂಟು ಮರಳಿದಾಗ ತಾನಾಗಿ ಚಾಲೂ ಆಗದಂತೆ ತಡೆಯುವ ಏರ್ಪಾಡು ಕೆಲವು ಯಂತ್ರಗಳಲ್ಲಿ ಇರುತ್ತದೆ. ನಮ್ಮ ಊರುಗಳಲ್ಲಿ ರೂಟರ್ ಕೊಳ್ಳುವವರು ವ್ಯಾಟಿನ ಲೆಕ್ಕಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಅದನ್ನೇ.

ಟ್ರಿಮ್ಮರಿನ ಎರಡನೆಯ ತಕರಾರು ಇನ್ನೂ ಸೂಕ್ಷ್ಮವಾದದ್ದು. ಬಿಟ್ಟಿನ ಕಾಲು ಎಂದರೆ ಯಂತ್ರದೊಳಗೆ ಕೂರುವ ಅದರ ದಂಡು. ನಮ್ಮ ಮಾರುಕಟ್ಟೆಯಲ್ಲಿ 6 ಮಿ.ಮೀ. ಕಾಲಿನ ಬಿಟ್‌ಗಳೂ ಕಾಲಿಂಚಿನ, ಅಂದರೆ 6.35 ಮಿ.ಮೀ. ಕಾಲಿನ ಬಿಟ್‌ಗಳೂ ಒಂದೇ ಡಬ್ಬಿಯಲ್ಲಿ ಬೆರೆತು ಸಿಗುತ್ತವೆ, ಮತ್ತು ಕಣ್ಣಿಗೆ ಎರಡೂ ಒಂದೇ. 6.35ರ ಕೊಲೆಟ್‌ಗೆ, ಅಂದರೆ ಬಿಟ್ಟಿನ ಕಾಲನ್ನು ಕಚ್ಚಿ ಹಿಡಿಯುವ ಬಳೆಗೆ, 6ರ ಬಿಟ್ ತುರುಕಿ ಸ್ಪ್ಯಾನರಿನಿಂದ ಬಿಗಿದರೆ ಹಿಡಿದಂತೆಯೇ ತೋರುತ್ತದೆ. ನಾನು ಹಾಗೆಯೇ ಬಿಗಿದು ಸಾಗುವಾನಿ ಹಲಗೆಯಲ್ಲಿ ತೋಡಿದ ಗ್ರೂವ್, ಆರಂಭದಲ್ಲಿ 6 ಮಿ.ಮೀ. ಆಳವಿದ್ದದ್ದು ಕೊನೆಯಲ್ಲಿ 9 ಆಗಿತ್ತು. ಕೊರೆಯುತ್ತಿದ್ದಂತೆ ಬಿಟ್ ಕೊಲೆಟ್‌ನಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹೊರಜಾರಿತ್ತು. ಹಲಗೆ ಇನ್ನೊಂದು ಅಡಿ ಉದ್ದವಿದ್ದಿದ್ದರೆ ಅದು ಪೂರ್ತಿ ಕಳಚಿಕೊಂಡು ಎಲ್ಲಿಗೆ ಹಾರುತ್ತಿತ್ತೋ! ಈಗ ಪ್ರತಿ ಬಿಟ್ಟಿನ ಕಾಲನ್ನೂ ಕ್ಯಾಲಿಪರ್‌ನಿಂದ ಅಳೆದು, ಕೊಲೆಟ್‌ನ ತಳ ಮುಟ್ಟುವವರೆಗೆ ಇಳಿಸಿ, ಅಲ್ಲಿಂದ ಎರಡು ಮೂರು ಮಿ.ಮೀ. ಮೇಲಕ್ಕೆಳೆದು ಬಿಗಿಯುತ್ತೇನೆ. ತಳಕ್ಕೆ ಒತ್ತಿಕೊಂಡೇ ಬಿಗಿದರೆ ಕೊಲೆಟ್ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ.

ಪ್ಲಂಜ್ ರೂಟರ್ ಗಾತ್ರದಿಂದಲೇ ಹೆದರಿಸುತ್ತದೆಯಾದರೂ, ಗ್ರೂವ್ ತೋಡುವ ಕೆಲಸದಲ್ಲಿ ಮೂರರಲ್ಲಿ ಅತ್ಯಂತ ಮರ್ಯಾದಸ್ಥ ಎಂಬುದು ನನ್ನ ಅನುಭವ. ಎರಡೂ ಕೈಗಳು ಹಿಡಿಕೆಗಳ ಮೇಲೆಯೇ ಇರಬೇಕಾದ್ದರಿಂದ ಬೆರಳು ಬಿಟ್ಟಿನ ಹತ್ತಿರ ಸುಳಿಯುವ ಸಂದರ್ಭವೇ ಕಡಿಮೆ. ಲಾಕ್ ಸಡಿಲಿಸಿದೊಡನೆ ಸ್ಪ್ರಿಂಗ್‌ಗಳ ಬಲದಿಂದ ಮೋಟಾರು ಮೇಲೆದ್ದು, ಬಿಟ್ ತಳದ ತಟ್ಟೆಯೊಳಕ್ಕೆ ಅಡಗುತ್ತದೆ. ಸ್ವಿಚ್ ಆರಿಸಿದ ಮೇಲೂ ಬಿಟ್ ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದಾದ್ದರಿಂದ, ಈ ಅಡಗುವ ಗುಣ ಸಣ್ಣ ಸಂಗತಿಯಲ್ಲ. ಆಳವನ್ನು ಮೆಟ್ಟಿಲಿನಂತೆ ಇಳಿಸುವ ತಡೆಗಳೂ ಇದರಲ್ಲಿದ್ದವು. ಹೀಗಾಗಿ 9 ಮಿ.ಮೀ. ಆಳದ ಗ್ರೂವನ್ನು ಒಂದೇ ಏಟಿಗೆ ತೋಡುವ ಬದಲು ಮೂರು ಸಲಕ್ಕೆ ಮೂರು ಮೂರು ಮಿ.ಮೀ.ನಂತೆ ತೋಡಿದೆ, ಯಂತ್ರ ಒಮ್ಮೆಯೂ ಎಳೆದಾಡಲಿಲ್ಲ.

ದಿಕ್ಕಿನ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮೇಲಿನಿಂದ ನೋಡಿದರೆ ರೂಟರ್ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ನಮ್ಮಿಂದ ಮುಂದಕ್ಕೆ ತಳ್ಳುತ್ತ ಹೋದಾಗ ಮರದ ಪ್ರತಿರೋಧ ಯಂತ್ರವನ್ನು ಎಡಕ್ಕೆ ಒತ್ತುತ್ತದೆ; ಆದ್ದರಿಂದ ಆಸರೆಗೆ ಕ್ಲ್ಯಾಂಪ್ ಮಾಡುವ ನೇರ ಪಟ್ಟಿ ಎಡಗಡೆಯೇ ಇರಬೇಕು. ಬಲಗಡೆ ಇಟ್ಟರೆ ಯಂತ್ರ ಪಟ್ಟಿಯನ್ನು ಬಿಟ್ಟು ಅಲೆಯುತ್ತದೆ. ಹಲಗೆಯ ಹೊರ ಅಂಚುಗಳನ್ನು ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ಸುತ್ತಬೇಕು, ಚೌಕಟ್ಟಿನ ಒಳ ಅಂಚುಗಳನ್ನು ಮುಳ್ಳಿನ ದಿಕ್ಕಿನಲ್ಲಿ. ತಿರುಗುಮುರುಗಾದರೆ ಬಿಟ್ ಮರವನ್ನು ಕೊರೆಯುವ ಬದಲು ಅದರ ಮೇಲೆ ಚಕ್ರದಂತೆ ಓಡತೊಡಗುತ್ತದೆ, ಕೈಯನ್ನೂ ಜೊತೆಗೆ ಎಳೆದುಕೊಂಡು.

ಆದರೆ ಅಗಲ ಕಿರಿದಾದ ಅಂಚಿನ ಮೇಲೆ ಪ್ಲಂಜ್ ರೂಟರ್ ಒಗ್ಗುವುದಿಲ್ಲ. ಹಲಸಿನ ಹಲಗೆಯೊಂದನ್ನು ನಿಲ್ಲಿಸಿ ಅದರ ಅಂಚಿನ ಮೇಲೆ ಓಡಿಸಲು ಹೋದಾಗ ಅದರ ಮೇಲ್ಭಾರ ಅತ್ತಿತ್ತ ವಾಲಿ ಅಂಚು ಹಲ್ಲುಹಲ್ಲಾಯಿತು. ಅಂಥಲ್ಲಿ ಟ್ರಿಮ್ಮರೇ ಮೇಲು.

ರೂಟರ್ ಟೇಬಲ್‌ನಲ್ಲಿ ಲೆಕ್ಕವೇ ಬೇರೆ. ಇಲ್ಲಿ ಯಂತ್ರ ನಿಂತಿರುತ್ತದೆ, ಚಲಿಸುವುದು ಮರ ಮತ್ತು ಅದನ್ನು ಹಿಡಿದ ಕೈ. ಬಿಟ್ ಬರಿಯ ಬಾಯಿ ತೆರೆದು ಮೇಜಿನ ಮೇಲೆ ನಿಂತಿರುವುದರಿಂದ, ಕೈ ಜಾರಿದರೆ ನೇರ ಅದರ ಮೇಲೆಯೇ. ಬಾಗಿಲ ಪ್ಯಾನೆಲ್ ಮಾಡುವಂಥ ದೊಡ್ಡ ಬಿಟ್‌ಗಳನ್ನು ಕೈಯಲ್ಲಿ ಹಿಡಿದ ರೂಟರಿಗೆ ಹಾಕಲೇಬಾರದು, ಅವುಗಳಿಗೆ ಟೇಬಲ್ಲೇ ಗತಿ ಎಂಬುದು ನಿಜ. ಆದರೆ ವೇಗ ಇಳಿಸದೆ ಅಲ್ಲ. 50 ಮಿ.ಮೀ. ವ್ಯಾಸದ ಬಿಟ್ 24,000 ಸುತ್ತಿನಲ್ಲಿ ತಿರುಗಿದರೆ ಅದರ ತುದಿ ಸೆಕೆಂಡಿಗೆ ಸುಮಾರು 63 ಮೀಟರ್, ಅಂದರೆ ಗಂಟೆಗೆ 226 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಆ ಗಾತ್ರಕ್ಕೆ ನಾನು 16,000 ಮೀರುವುದಿಲ್ಲ. ಯಂತ್ರ ತಲೆಕೆಳಗಾಗಿರುವುದರಿಂದ ದಿಕ್ಕೂ ತಿರುವುಮುರುವು: ಮರವನ್ನು ಬಲದಿಂದ ಎಡಕ್ಕೆ ತಳ್ಳಬೇಕು. ಒಮ್ಮೆ ಮರೆತು ಎಡದಿಂದ ಕೊಟ್ಟ ಒಂದಡಿ ಉದ್ದದ ಬೀಡಿಂಗ್ ಪಟ್ಟಿ ಕೈಯಿಂದ ಕಿತ್ತುಕೊಂಡು ಎದುರಿನ ತಗಡಿಗೆ ಬಡಿದ ಸದ್ದಿಗೆ ಪಕ್ಕದ ಮನೆಯವರು ಹೊರಬಂದು ನೋಡಿದರು. ಬಿಟ್ಟಿಗೂ ಅದರ ಹಿಂದಿನ ತಡೆಪಟ್ಟಿಗೂ ನಡುವೆ ಮರವನ್ನು ತೂರಿಸುವುದು ಇದಕ್ಕಿಂತಲೂ ಕೆಟ್ಟದ್ದು. ಈಗ ತಳ್ಳುಕೋಲಿಲ್ಲದೆ ಟೇಬಲ್ ಮುಟ್ಟುವುದಿಲ್ಲ. ಗೇಣುದ್ದದ ತುಂಡು ಬೇಕಿದ್ದರೆ, ಮೊದಲು ಉದ್ದದ ಪಟ್ಟಿಯಲ್ಲಿ ಆಕಾರ ಕೊಟ್ಟು ಆಮೇಲೆ ಗರಗಸದಿಂದ ಕತ್ತರಿಸುತ್ತೇನೆ.

ಕನ್ನಡಕ, ಕಿವಿಗೆ ಮುಚ್ಚಳ, ಎನ್95 ಮಾಸ್ಕ್ ಮೂರಕ್ಕೂ ಸಮಾನ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ಮೊದಲ ಗುಂಪಿಗೆ ಸೇರಿಸಿದೆ. ಟೇಬಲ್‌ನಲ್ಲಿ ತಡೆಪಟ್ಟಿಯ ಹಿಂದೆ ವ್ಯಾಕ್ಯೂಮ್ ಕೊಳವೆ ಕೂರಿಸುವುದು ಸುಲಭವಾದ್ದರಿಂದ, ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಕೊರೆಯುವಾಗ ಅದು ಉಳಿದೆರಡನ್ನು ಮೀರಿಸುತ್ತದೆ. ಕೈಗವಸು ಮಾತ್ರ ಬೇಡ. ಸಡಿಲ ತೋಳು ಬೇಡ, ಇಳಿಬಿದ್ದ ಲುಂಗಿ ಬೇಡ, ಮತ್ತು ದೇವಸ್ಥಾನದಲ್ಲಿ ಮಣಿಕಟ್ಟಿಗೆ ಕಟ್ಟಿಸಿಕೊಂಡ ದಾರವನ್ನೂ ಶೆಡ್ಡಿನ ಮೊಳೆಗೆ ನೇತುಹಾಕಿ ಕೆಲಸಕ್ಕಿಳಿಯುವುದು ಒಳ್ಳೆಯದು. ನನ್ನದು ಈಗಲೂ ಅಲ್ಲಿಯೇ ಇದೆ.

ಒಂದನ್ನೇ ಕೊಳ್ಳುವುದಾದರೆ ಯಾವುದೆಂದು ಕೇಳಿದರೆ, ಹೊಸಬರಿಗೆ ನಾನು ಪ್ಲಂಜ್ ರೂಟರನ್ನೇ ಹೇಳುತ್ತೇನೆ, ಬೆಲೆ ಹೆಚ್ಚಾದರೂ ಸರಿ. ಟ್ರಿಮ್ಮರ್ ಎರಡನೆಯದಾಗಿ ಬರಲಿ. ಟೇಬಲ್ ಕಟ್ಟುವವರು ಕಾಲೆತ್ತರದಲ್ಲಿ, ಬಗ್ಗದೆ ಮೊಣಕಾಲಿನಿಂದಲೇ ಆರಿಸಬಹುದಾದ ದೊಡ್ಡ ಸ್ವಿಚ್ ಹಾಕಿಸಿಕೊಂಡ ಮೇಲೆಯೇ ಮೊದಲ ಮರ ಕೊಡಲಿ; ಮೇಜಿನಡಿಗೆ ಕೈ ತೂರಿಸಿ ಸ್ವಿಚ್ ಹುಡುಕುವ ಕೆಲಸ ನಾನು ಒಂದು ವಾರ ಮಾಡಿದ್ದೇನೆ, ಸಾಕಾಗಿದೆ.

ಎರವಲು ಯಂತ್ರವನ್ನು ಮರಳಿಸಿದಾಗ ಮೇಸ್ತ್ರಿ ಅದರ ಹೊರಮೈ ನೋಡಲೇ ಇಲ್ಲ. ಕೊಲೆಟ್ ಕಳಚಿ, ಊದಿ, ಬೆಳಕಿಗೆ ಹಿಡಿದು ಒಳಗೋಡೆಯನ್ನು ಉಗುರಿನಿಂದ ಸವರಿದರು. ಒಂದು ಕಡೆ ಕಂದು ಗೆರೆ ಮೂಡಿತ್ತು. "ಇದು ನಿಮ್ಮದಲ್ಲ ಮಾರಾಯ್ರೆ, ಹಳೇದು, ಆದ್ರೂ ಬದಲಾಯಿಸ್ಬೇಕು," ಎಂದು ಅದನ್ನು ಶರ್ಟಿನ ಜೇಬಿಗೆ ಹಾಕಿಕೊಂಡರು.