ಎನ್‌ಐಒಎಸ್ ಓಪನ್ ಸ್ಕೂಲ್ ರಿವ್ಯೂ: ಮಗ್ಗ ಬಿಡದ ಹತ್ತನೇತ್ತಾ ಮುಗಿಸಿದ ನನ್ನ ಮಗಳು

ಇಳಕಲ್‌ದಿಂದ ಬರೀತಿದೀನ್ರಿ. ಓಪನ್ ಸ್ಕೂಲ್, ಅಂದ್ರ ದಿನಾ ಸಾಲಿಗೆ ಹೋಗದ ಮನ್ಯಾಗ ಓದಿ ಪರೀಕ್ಷಾ ಬರಿಯೂ ಸಾಲಿ, ಅಂದಕೂಡ್ಲೇ ನಮ್ಮ ಕಡೆ ಮಂದಿ "ಫೇಲಾದ ಹುಡುಗರ ಸಾಲಿ ಅಲ್ಲೇನವಾ ಅದು" ಅಂತಾರ, ನಮ್ಮ ಅತ್ತಿನೂ ಹಂಗ ಅಂದಿದ್ರು. ನನ್ನ ಮಗಳು ಫೇಲ್ ಆಗಿರ್ಲಿಲ್ಲ, ಒಂಬತ್ತನೇತ್ತಾದಾಗ ಚೊಲೋ ಮಾರ್ಕ್ಸ್ ಇದ್ವು. ಆಕಿಗೆ ಬೇಕಾಗಿದ್ದು ಹಗಲಿನ ಹೊತ್ತು.

ಯಾಕಂದ್ರ ನಮ್ಮ ಮಾವನವ್ರು ಸೀರಿ ನೇಯ್ತಾರ, ಕೈಮಗ್ಗ, ವಯಸ್ಸಾಗೇತಿ, ಕಣ್ಣು ಮುಂಜಾನಿ ಬೆಳಕಿನ್ಯಾಗಷ್ಟ ಸರಿ ಕಾಣ್ತಾವ. ಇಳಕಲ್ ಸೀರ್ಯಾಗ ಒಡಲಿನ ಹಾಸು (ಉದ್ದಕ್ಕ ಹೂಡೂ ಎಳಿ) ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಎರಡನ್ನೂ ಎಳಿಗೆ ಎಳಿ ಕೊಂಡಿ ಹಾಕಿ ಕೂಡಿಸ್ಬೇಕು, ಅದನ್ನ ಬಾಯಿಲೆ ಹೇಳಿ ಕಲ್ಸಾಕ ಆಗಂಗಿಲ್ಲ, ಬಾಜೂಕ ಕುಂತು ಕೈ ನೋಡ್ಕೋತ ಕಲೀಬೇಕು. ಇಕಿ ಸಾಲಿ, ಆಮ್ಯಾಲ ಟ್ಯೂಷನ್ ಮುಗಿಸ್ಕೊಂಡು ಮನಿಗೆ ಬರೋದ್ರಾಗ ಅಜ್ಜ ಮಗ್ಗದಿಂದ ಎದ್ದಿರ್ತಿದ್ರು. ಒಂದಿನ ರಾತ್ರಿ ಊಟಕ್ಕ ಕುಂತಾಗ "ಅವ್ವಾ, ಸಾಲಿ ಮುಂದಿನ ವರ್ಷನೂ ಇರ್ತೈತಿ, ಅಜ್ಜನ ಕಣ್ಣು ಇರ್ತಾವನು?" ಅಂದ್ಳು. ಅವತ್ತ ನನಗ ನಿದ್ದಿ ಬರ್ಲಿಲ್ಲ.

ಓದು ಬಿಡಸೂ ಮಾತ ಇರ್ಲಿಲ್ಲ. ಆವಾಗ ಗೊತ್ತಾಗಿದ್ದು ನ್ಯಾಷನಲ್ ಇನ್ಸ್ಟಿಟ್ಯೂಟ್ ಆಫ್ ಓಪನ್ ಸ್ಕೂಲಿಂಗ್, ಅಂದ್ರ ಎನ್‌ಐಒಎಸ್. ಇದು ಕೇಂದ್ರ ಸರಕಾರದ ಬೋರ್ಡು, 1989ರಾಗ ಚಾಲೂ ಆಗಿದ್ದು, ಹೆಡ್ ಆಫೀಸ್ ನೋಯ್ಡಾದಾಗ ಐತಿ, ಸರ್ಟಿಫಿಕೇಟು ಬ್ಯಾರೆ ಬೋರ್ಡಿನಷ್ಟ ನಡೀತೈತಿ. ಹತ್ತನೇತ್ತಾಕ್ಕ ಸೇರಾಕ ಕಡಿಮಿ ಅಂದ್ರ 14 ವರ್ಷ ತುಂಬಿರ್ಬೇಕು. ಐದು ವಿಷಯ ಪಾಸಾಗ್ಬೇಕು, ಪಾಸಿಗೆ 33 ಪರ್ಸೆಂಟ್. ವರ್ಷಕ್ಕ ಎರಡು ಸಲ ಪರೀಕ್ಷಾ, ಏಪ್ರಿಲ್ ಸುಮಾರಿಗೊಮ್ಮೆ, ಅಕ್ಟೋಬರ್ ಸುಮಾರಿಗೊಮ್ಮೆ. ಒಂದು ಸಲ ಅಡ್ಮಿಷನ್ ಆದ್ರ ಐದು ವರ್ಷ ನಡೀತೈತಿ, ಅದರಾಗ ಒಂಬತ್ತು ಚಾನ್ಸ್ ಇರ್ತಾವ, ಎಲ್ಲಾ ವಿಷಯ ಒಮ್ಮೆಲೇ ಬರೀಬೇಕಂತನೂ ಇಲ್ಲ. ಇಕಿ ಆರು ವಿಷಯ ತಗೊಂಡಿದ್ಳು, ಮೂರು ಒಂದು ಸಲ ಬರದು ಉಳದ ಮೂರು ಮುಂದಿನ ಸಲ ಬರದ್ಳು, ತಲಿ ಮ್ಯಾಲ ಹೊರಿ ಅನ್ನಿಸ್ಲಿಲ್ಲ.

ನನಗ ಎಲ್ಲಾಕ್ಕಿಂತ ಹಿಡಿಸಿದ್ದು ವಿಷಯ ಆರಿಸೋದು. ಇಂಗ್ಲಿಷ್, ಸೋಷಿಯಲ್ ಸೈನ್ಸ್, ಹೋಮ್ ಸೈನ್ಸ್ ಜೋಡಿ ಪೇಂಟಿಂಗ್, ಡಾಟಾ ಎಂಟ್ರಿ ತಗೊಂಡ್ಳು, ಆರನೇದು ಇಂಡಿಯನ್ ಸೈನ್ ಲಾಂಗ್ವೇಜ್. ಹೌದ್ರಿ, ಕಿವಿ ಕೇಳದವ್ರ ಕೈಭಾಷೆ, 2021ರಾಗ ಅದನ್ನ ಹತ್ತನೇತ್ತಾಕ್ಕ ಒಂದು ವಿಷಯ ಅಂತ ಸೇರಿಸ್ಯಾರ. ನಮ್ಮ ಓಣ್ಯಾಗ ಎಂಟು ವರ್ಷದ ಹುಡುಗ ಅದಾನ, ಹುಟ್ಟಿದಾಗಿಂದ ಕಿವಿ ಕೇಳ್ಸಂಗಿಲ್ಲ, ಅವನ ತಾಯಿ ಮಗ ಏನ್ ಕೇಳಾಕತ್ತಾನ ಅಂತ ಗೊತ್ತಾಗದ ಅಳ್ತಿದ್ಳು. ನನ್ನ ಮಗಳು ವಿಡಿಯೋ ನೋಡಿ ನೋಡಿ ಕಲ್ತಿದ್ದನ್ನ ಸಂಜಿಕೆ ಕಟ್ಟಿ ಮ್ಯಾಲ ಕುಂದರ್ಸ್ಕೊಂಡು ಆ ಹುಡುಗಗ, ಅವನ ತಾಯಿಗೆ ಇಬ್ಬರಿಗೂ ಹೇಳ್ಕೊಟ್ಳು. ನೀರು, ರೊಟ್ಟಿ, ಹೊಟ್ಟಿ ನೋವು, ಅವ್ವ. "ಹೊಟ್ಟಿ ನೋಯ್ತೈತಿ" ಅಂತ ಅಂವ ಕೈಲೆ ಹೇಳಿದ್ದು ಆ ತಾಯಿಗೆ ಮೊದಲ ಸಲ ತಿಳದಾಗ ಆಕಿ ನನ್ನ ಮಗಳನ್ನ ತಬ್ಬಿ ಹಿಡ್ಕೊಂಡು ಬಿಡ್ಲೇ ಇಲ್ಲ. ಈಗ ಅವ್ರು ದವಾಖಾನಿಗೆ ಹೊಂಟ್ರ ಇಕಿನೂ ಜೋಡಿ ಹೋಗ್ತಾಳ. ಮುಂಜಾನಿ ಎಂಟಕ್ಕ ಸಾಲಿ ಬಸ್ ಹತ್ತೂ ಹುಡಿಗಿ ಆಗಿದ್ರ ಇದಕ್ಕ ಟೈಮ್ ಎಲ್ಲಿತ್ರಿ.

ಪೇಂಟಿಂಗ್ ಸೈತ ಮಗ್ಗಕ್ಕ ಉಪಯೋಗ ಆತು. ಟೋಪ ತೆನಿ ಅನ್ನೂ ಇಳಕಲ್ ಸೆರಗಿನ ವಿನ್ಯಾಸದ ಲೆಕ್ಕಾನ ಗ್ರಾಫ್ ಹಾಳಿ ಮ್ಯಾಲ ಬರದಿಟ್ಟಾಳ, ಅಜ್ಜನ ತಲ್ಯಾಗ ಮಾತ್ರ ಇದ್ದಿದ್ದು ಈಗ ವಹಿಯಾಗ ಐತಿ.

ಈಗ ತ್ರಾಸ ಆಗಿದ್ದೂ ಹೇಳ್ತೀನಿ. ನಾವು ಮೊದ್ಲು ಒಂದು ಕಂಪ್ಯೂಟರ್ ಅಂಗಡ್ಯಾಗ ಫಾರ್ಮ್ ತುಂಬಿಸಿದ್ವಿ, ಅವ್ರು ಡಬಲ್ ರೊಕ್ಕ ತಗೊಂಡು ಮ್ಯಾಲ ವಿಷಯನೂ ತಪ್ಪು ಹಾಕಿದ್ರು, ಸರಿ ಮಾಡಸೂದ್ರಾಗ ಸಾಕಾಗಿ ಹೋತು. ದಯವಿಟ್ಟು ಏಜೆಂಟರ ಕೈಗೆ ಕೊಡಬ್ಯಾಡ್ರಿ, "ಪಾಸ್ ಗ್ಯಾರಂಟಿ" ಅನ್ನೋರನ್ನಂತೂ ಹತ್ರ ಬಿಟ್ಕೋಬ್ಯಾಡ್ರಿ, ವೆಬ್‌ಸೈಟಿನ್ಯಾಗ ನೀವ ಕುಂತು ತುಂಬ್ರಿ, ಫೋಟೋ, ಸಹಿ, ಆಧಾರ್, ಹುಟ್ಟಿದ ದಿನಾಂಕದ ದಾಖಲೆ ಸ್ಕ್ಯಾನ್ ಮಾಡಿಟ್ಕೊಂಡ್ರ ಆತು, ಹೆಣ್ಮಕ್ಕಳಿಗೆ ಫೀ ಸ್ವಲ್ಪ ಕಡಿಮಿನೂ ಐತಿ. ಇನ್ನ ಸ್ಟಡಿ ಸೆಂಟರ್‌ದಾಗ ಸಂಪರ್ಕ ತರಗತಿ ಅಂತ ಇರ್ತಾವ, ನಮಗ ಸಿಕ್ಕ ಸೆಂಟರ್‌ದಾಗ ಅವು ಸರಿ ನಡೀಲಿಲ್ಲ, ಎರಡು ಸಲ ಬಸ್ ಚಾರ್ಜ್ ಹಾಕಿ ಹೋಗಿ ಮುಚ್ಚಿದ ಬಾಗ್ಲಾ ನೋಡಿ ಬಂದ್ವಿ. ಅದಕ್ಕ ಸೆಂಟರ್ ಆರಿಸೋ ಮೊದ್ಲು ಖುದ್ದ ಹೋಗಿ ನೋಡ್ರಿ, ಹಿಂದ ಅಲ್ಲಿ ಓದಿದ ಮಕ್ಕಳನ್ನ ಕೇಳ್ರಿ.

ಟಿಎಂಎ ಅಂತ ಮನ್ಯಾಗ ಬರದು ಕೊಡೋ ಅಸೈನ್ಮೆಂಟ್ ಇರ್ತಾವ, ಅದಕ್ಕ 20 ಪರ್ಸೆಂಟ್ ತೂಕ, ಭಾಳ ಮಂದಿ ಅದನ್ನ ಹಗುರ ತಗೊಂಡು ಮಾರ್ಕ್ಸ್ ಕಳ್ಕೋತಾರ. ಮತ್ತ ಬೆಲ್ ಹೊಡಿಯೋರು ಯಾರೂ ಇಲ್ಲ ಇಲ್ಲಿ. ಮೊದಲ ಮೂರು ತಿಂಗಳು ನಮ್ಮ ಹುಡಿಗಿ ಪುಸ್ತಕ ಮುಟ್ಲೇ ಇಲ್ಲ, ಮಗ್ಗ ಮಗ್ಗ ಮಗ್ಗ. ಆಮ್ಯಾಲ ಮಧ್ಯಾಹ್ನ ಎರಡರಿಂದ ಐದು ಓದೂ ಹೊತ್ತು ಅಂತ ನಾನ ಹಾಕ್ಕೊಟ್ಟೆ, ಆ ಹೊತ್ನ್ಯಾಗ ಅಜ್ಜನೂ ಆಕಿನ್ನ ಕರೀತಿರ್ಲಿಲ್ಲ. ಮನ್ಯಾಗ ಹಿಂಗ ನೋಡ್ಕೊಳ್ಳೋರು ಒಬ್ಬರು ಇರಲಿಲ್ಲಂದ್ರ ಈ ಸಾಲಿ ಕಷ್ಟ. ಮುಂದ ಸೈನ್ಸ್ ಓದೋ ಮಕ್ಕಳು ಗಣಿತ, ವಿಜ್ಞಾನ ಬಿಟ್ಟು ವಿಷಯ ಆರಿಸ್ಕೋಬಾರ್ದು, ಅದನ್ನೂ ನೆನಪಿಡ್ರಿ.

ಪರೀಕ್ಷಾಕ್ಕ ಹೋದಾಗ ವಿಜಯಪುರದ ಒಬ್ಬ ಹುಡುಗ ಸಿಕ್ಕಿದ್ದ, ಸೈಕ್ಲಿಂಗ್ ಮಾಡ್ತಾನ, ದಿನಾ ಬೆಳಕು ಹರಿಯೋದ್ರಾಗ ರಸ್ತೆಕ್ಕ ಇಳೀತಾನಂತ, ಮನಿಗೆ ಬಂದು ಸಣ್ಣ ಹುಡುಗರ ಸೈಕಲ್ ಪುಕ್ಕಟೆ ರಿಪೇರಿ ಮಾಡಿ ಕೊಡ್ತಾನಂತ. ಇಬ್ಬರೂ ಪರೀಕ್ಷಾ ವಿಚಾರ ಬಿಟ್ಟು ಅವನ ಸೈಕಲ್ ಚೈನು, ಇಕಿ ಮಗ್ಗದ ಲಾಳಿ ಅಂತ ಮಾತಾಡ್ಕೋತ ನಿಂತಿದ್ರು.

ಐದಕ್ಕ ನಾಕು ಸ್ಟಾರ್ ಕೊಡ್ತೀನಿ. ಒಂದು ಕಡಿಮಿ ಯಾಕಂದ್ರ ಹಳ್ಳಿ ಮಕ್ಕಳಿಗೆ ಹತ್ರದಾಗ ಕೇಳಾಕ ಒಬ್ಬ ಮಾಸ್ತರ್ ಬೇಕ ಬೇಕು. ಇಕಿ ಈಗ ಹನ್ನೆರಡನೇತ್ತಾಕ್ಕ ಅಲ್ಲೇ ಸೇರ್ಯಾಳ. ಐತವಾರ ಮುಂಜಾನಿ ನಮ್ಮ ಪಡಸಾಲ್ಯಾಗ ಬ್ಯಾರೆ ಹುಡುಗ್ಯಾರ ಫಾರ್ಮ್ ತುಂಬಿ ಕೊಡ್ತಾಳ, ರೊಕ್ಕ ತಗೊಳ್ಳಂಗಿಲ್ಲ, ಹೋದ ವಾರ ಇಬ್ಬರು ಹುನಗುಂದದಿಂದ ಬಂದಿದ್ರು, ಅದರಾಗ ಒಬ್ಬಾಕಿ ಮದಿವಿ ಆಗಿ ಸಾಲಿ ಬಿಟ್ಟಾಕಿ, ಕೂಸಿನ್ನ ನನ್ನ ತೊಡಿ ಮ್ಯಾಲ ಮಲಗಿಸಿ ಫಾರ್ಮಿಗೆ ಸಹಿ ಮಾಡಿದ್ಳು.