ಡಾಕ್ಟರ್ ಓಡಿಸಿದ ಆಮ್ನಿ: ಹದಿಮೂರು ತಿಂಗಳ ಬಳಕೆಯ ನಂತರ

ಚಿಕ್ಕಮಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದರೆ ಮೊದಲು ಕಿವಿಗೆ ಬೀಳುವ ಮಾತು, "ಡಾಕ್ಟರ್ ಓಡಿಸಿದ್ದು ಮೇಡಂ, ಫಸ್ಟ್ ಓನರ್." ನಾನು ನೋಡಿದ ನಾಲ್ಕು ಗಾಡಿಗಳಲ್ಲಿ ಮೂರನ್ನು ಡಾಕ್ಟರೇ ಓಡಿಸಿದ್ದರು. ಈ ಊರಲ್ಲಿ ಅಷ್ಟೊಂದು ಡಾಕ್ಟರ್ ಇದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಕೊನೆಗೆ ತಗೊಂಡ 2009ರ ಮಾರುತಿ ಆಮ್ನಿ ವ್ಯಾನೂ ಡಾಕ್ಟರದ್ದೇ ಅಂತೆ. ಮನೆಗೆ ತಂದು ಮ್ಯಾಟ್ ಎತ್ತಿದೆ. ಕೆಳಗೆ ಒಣಗಿದ ಕಾಫಿ ಹಣ್ಣು, ಒಂದು ಹಿಡಿ ಯೂರಿಯಾ, ಗೋಣಿ ಹೊಲಿಯುವ ದಬ್ಬಣ. ಡಾಕ್ಟರು ಒಳ್ಳೆಯ ಕೆಲಸಗಾರರೇ ಇದ್ದಿರಬೇಕು.

ನನಗೆ ಬೇಕಿದ್ದದ್ದು ಒಂದೇ ವರ್ಷದ ಮಟ್ಟಿಗೆ. ಆಲ್ದೂರು ಕಡೆಯ ಹೈಸ್ಕೂಲಿಗೆ ಡೆಪ್ಯುಟೇಶನ್. ಮನೆ ಚಿಕ್ಕಮಗಳೂರಲ್ಲಿ, ಜೊತೆಗೆ ಅತ್ತೆ ಮತ್ತು ನಾಲ್ಕು ವರ್ಷದ ಮಗಳು. ನಮ್ಮೆಜಮಾನರು ತಿಪಟೂರಿನಲ್ಲೇ ಉಳಿದರು, ಕಾರೂ ಅಲ್ಲೇ ಉಳಿಯಿತು. "ಶಕ್ತಿ ಯೋಜನೆ ಇದೆಯಲ್ಲ, ಸರ್ಕಾರಿ ಬಸ್ಸು ನಿಮಗೆ ಫ್ರೀ, ಗಾಡಿ ಯಾಕೆ?" ಅಂತ ಎಲ್ಲರೂ ಕೇಳಿದರು. ಸರಿಯಾದ ಪ್ರಶ್ನೆಯೇ. ಮೊದಲ ಎರಡು ವಾರ ಬಸ್ಸಿನಲ್ಲೇ ಓಡಾಡಿದೆ. ಬಸ್ಸು ಫ್ರೀ ಹೌದು, ಆದರೆ ನನ್ನ ಶಾಲೆ ಬಸ್ ಸ್ಟಾಪಿನಿಂದ ಒಂದೂವರೆ ಕಿಲೋಮೀಟರ್ ಒಳಗೆ. ಜೂನ್ ಮಳೆಯಲ್ಲಿ ಆ ಒಂದೂವರೆ ಕಿಲೋಮೀಟರ್ ನಡೆದು, ಸೊಂಟದವರೆಗೆ ನೆನೆದು, ಅದೇ ಸೀರೆಯಲ್ಲಿ ಸಂಜೆವರೆಗೆ ಪಾಠ ಮಾಡಿ ನೋಡಿ. ಸ್ಕೂಟರ್ ಆಸೆಯೂ ಅಲ್ಲಿಗೆ ಬಿಟ್ಟಿತು.

ಬಜೆಟ್ ಒಂದು ಲಕ್ಷ, ಅದರ ಮೇಲೆ ಒಂದು ರೂಪಾಯಿ ಇಲ್ಲ. ಆ ದುಡ್ಡಿಗೆ ಹಳೇ ಆಲ್ಟೋ ಸಿಗುತ್ತಿತ್ತು. ಆದರೆ ಅತ್ತೆಗೆ ಮಂಡಿ ನೋವು, ತಗ್ಗಿ ಕೂರುವುದು, ಏಳುವುದು ಆಗದು. ಆಮ್ನಿಗೆ ಎತ್ತರದ ಸೀಟು, ಎಳೆದರೆ ಜಾರುವ ಬಾಗಿಲು. ತಯಾರಿಕೆ 2019ರಲ್ಲೇ ನಿಂತಿದ್ದರೂ ಬಿಡಿ ಭಾಗ ಸಿಗುತ್ತದೆ, ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಸಣ್ಣ ಊರಲ್ಲೂ ಇದ್ದಾರೆ. ಕಡಿಮೆ ದಿನಕ್ಕೆ ಹಳೇ ಗಾಡಿ ತಗೊಳ್ಳುವವರಿಗೆ ನನ್ನ ಪ್ರಕಾರ ಇದೊಂದೇ ಲೆಕ್ಕ: ಮಾರುವಾಗ ಕೇಳುವವರು ಇರಬೇಕು. ತರಕಾರಿಯವರು, ತೋಟದವರು, ಅಡುಗೆ ಕಂಟ್ರಾಕ್ಟರು, ಆಮ್ನಿ ಅಂದರೆ ಎಲ್ಲರೂ ಒಮ್ಮೆ ತಿರುಗಿ ನೋಡುತ್ತಾರೆ. ಇನ್ನೊಂದು, ಚಿಕ್ಕಮಗಳೂರಿನ ಕೆಎ 18 ನಂಬರಿನ ಗಾಡಿಯನ್ನೇ ಹುಡುಕಿದೆ. ತಿಪಟೂರಿನ ಕೆಎ 44 ಕಡಿಮೆಗೆ ಬಂದಿತ್ತು, ಬೇಡ ಅಂದೆ. ಇಲ್ಲೇ ತಗೊಂಡು ಇಲ್ಲೇ ಮಾರಿದರೆ ಎರಡು ಆರ್‌ಟಿಒ ನಡುವೆ ಓಡಾಡುವ ಕೆಲಸ ಇಲ್ಲ. ಗಾಡಿಯನ್ನು ಇನ್ನೊಬ್ಬರ ಹೆಸರಿಗೆ ಮಾಡುವ 29, 30ನೇ ನಮೂನೆಗೆ ಸಹಿ ಹಾಕಿದರೆ ಮುಗಿಯಿತು.

ಇಷ್ಟೆಲ್ಲ ಜಾಣತನ ತೋರಿಸಿದವಳು ಎಲ್ಲಿ ಎಡವಿದೆ ಗೊತ್ತಾ? ಗಾಡಿಯ ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ. ಬ್ರೋಕರ್ "ಪೇಪರ್ ಎಲ್ಲ ಕ್ಲಿಯರ್" ಅಂದ. ಐದು ಸಾವಿರ ಅಡ್ವಾನ್ಸ್ ಕೊಟ್ಟು ಮನೆಗೆ ಬಂದು ಕಾಫಿ ಕುಡಿಯುತ್ತಾ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಕೆಂಪು ಅಕ್ಷರ. 2009ರ ಮಾರ್ಚಿನಲ್ಲಿ ನೋಂದಣಿ ಆದ ಗಾಡಿಯ ಹದಿನೈದು ವರ್ಷದ ನೋಂದಣಿ ಅವಧಿ 2024ರ ಮಾರ್ಚಿಗೇ ಮುಗಿದಿತ್ತು. ನವೀಕರಣಕ್ಕೆ 5,000 ರೂಪಾಯಿ. ತಡ ಮಾಡಿದ್ದಕ್ಕೆ ತಿಂಗಳಿಗೆ 500ರಂತೆ ಮೂರು ತಿಂಗಳಿಗೆ 1,500. ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್), ಎಮಿಷನ್ ಟೆಸ್ಟ್, ಏಜೆಂಟಿನ ಕೈಬಿಸಿ ಎಲ್ಲ ಸೇರಿ ಒಂಬತ್ತು ಸಾವಿರ ಹೋಯಿತು. ಬ್ರೋಕರಿಗೆ ಫೋನ್ ಮಾಡಿದರೆ, "ಅದನ್ನ ಎಲ್ಲರೂ ತಗೊಂಡ ಮೇಲೇ ಮಾಡಿಸ್ತಾರೆ ಮೇಡಂ" ಅಂದ. ಬೆಲೆಯಲ್ಲಿ ನೂರು ರೂಪಾಯಿಯೂ ಇಳಿಸಲಿಲ್ಲ. ಆ ಆ್ಯಪಿಗೆ ಎರಡು ನಿಮಿಷ ಸಾಕು. ಅಡ್ವಾನ್ಸ್ ಕೊಡುವ ಮೊದಲು ಅಲ್ಲೇ ನಿಂತು ನೋಡಿ. ಸಾಲ ಬಾಕಿ ಇದೆಯಾ, ಇನ್ಶೂರೆನ್ಸ್ ಇದೆಯಾ, ಎಲ್ಲ ಅದರಲ್ಲೇ ಕಾಣುತ್ತದೆ.

95,000ಕ್ಕೆ ಗಾಡಿ ಮನೆಗೆ ಬಂತು. ಅದೇ ವಾರ ಕರ್ನಾಟಕದಲ್ಲಿ ಪೆಟ್ರೋಲಿಗೆ ಮೂರು ರೂಪಾಯಿ ಏರಿತು. ನನ್ನ ಅದೃಷ್ಟ ಯಾವಾಗಲೂ ಹಾಗೇ.

ಈಗ ಆಮ್ನಿಯ ಮುಂದಿನ ಸೀಟಿನ ವಿಷಯಕ್ಕೆ ಬರುತ್ತೇನೆ. ಇಷ್ಟು ಬರೆಯಲು ಕೂತದ್ದೇ ಅದಕ್ಕಾಗಿ.

ಆಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಗೊತ್ತಿರುವ ವಿಷಯವೇ, ನಾನೂ ಕೇಳಿದ್ದೆ. ಆದರೆ ಜುಲೈ ತಿಂಗಳ ಬೆಳಿಗ್ಗೆ ಏಳೂವರೆಗೆ, ಮಂಜು ಮಳೆ ಎರಡೂ ಒಟ್ಟಿಗೆ ಇರುವಾಗ ಅದು ಹೇಗಿರುತ್ತದೆ ಅಂತ ಯಾರೂ ಹೇಳಿರಲಿಲ್ಲ. ಸೀಟೆತ್ತಿ ಆಯಿಲ್ ನೋಡುವುದು, ಕೂಲೆಂಟ್ ನೋಡುವುದು, ಸೀಟು ಇಳಿಸಿ ಕೂರುವುದು. ಮೊದಲ ಐದು ನಿಮಿಷ ರೆಕ್ಸಿನ್ ಹಿಮದ ಹಾಗೆ. ಊರು ದಾಟುವಾಗ ಉಗುರುಬೆಚ್ಚಗೆ. ವಸ್ತಾರೆ ಬರುವಷ್ಟರಲ್ಲಿ ಯಾರೋ ಕೆಂಡದ ಒಲೆಯ ಪಕ್ಕ ಮಣೆ ಹಾಕಿ ಕೂರಿಸಿದ ಹಾಗೆ. ಸೀರೆಯ ಅಂಚು ತಾನಾಗಿ ಒಣಗುತ್ತಿತ್ತು. ಪಕ್ಕದ ಸೀಟಿನ ಮೇಲೆ ಹಳೇ ಟವೆಲ್ ಹಾಸಿ ಸಾಕ್ಸ್ ಇಡುತ್ತಿದ್ದೆ, ಇಳಿಯುವಾಗ ಹಾಕಿಕೊಳ್ಳಲು ತಯಾರು.

ಇದು ಅತ್ತೆಗೆ ಗೊತ್ತಾದ ಮೇಲೆ ಡಬ್ಬಿಯೂ ಅಲ್ಲಿಗೇ ಬಂತು. ಕಡುಬು ಮಾಡಿದ ದಿನ ಸ್ಟೀಲ್ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಎರಡು ಸೀಟಿನ ನಡುವೆ ಇಡುತ್ತಿದ್ದರು. ಶಾಲೆಯ ಮೈದಾನದಲ್ಲಿ ಗಾಡಿ ನಿಲ್ಲಿಸಿ, ಗ್ಲಾಸಿನ ಮೇಲೆ ಮಳೆ ಹರಿಯುವುದನ್ನು ನೋಡುತ್ತಾ, ಪ್ರಾರ್ಥನೆಯ ಬೆಲ್ಲಿಗೆ ಹತ್ತು ನಿಮಿಷ ಇರುವಾಗ ಎರಡು ಬಿಸಿ ಕಡುಬು, ಕಾಯಿ ಚಟ್ನಿ. ನಮ್ಮ ತಿಪಟೂರಿನ ಕಾರಿನಲ್ಲಿ ಹೀಟರ್ ಇದೆ, ಮೂಗು ಒಣಗಿಸುತ್ತದೆ ಅಷ್ಟೇ. ಇದು ಬೇರೆ ಸುಖ. ಮಕ್ಕಳಿಗೂ ಗೊತ್ತಾಗಿ, ಮಳೆ ಜೋರಿದ್ದ ಸಂಜೆ "ಮಿಸ್, ಮುಂದೆ ನಾನು ಮಿಸ್" ಅಂತ ಜಗಳ ಶುರುವಾಯಿತು. ಮೇನ್ ರೋಡಿನವರೆಗೆ ನಾಲ್ಕೈದು ಜನರನ್ನು ಬಿಡುತ್ತಿದ್ದೆ.

ಮಳೆಗಾಲದಲ್ಲಿ ಬೇರೆ ತೊಂದರೆ ಇರಲಿಲ್ಲವೇ? ಇತ್ತು. ಹಿಂದಿನ ಟೈರ್ ಎರಡೂ ಸವೆದು ನುಣ್ಣಗಾಗಿದ್ದವು, ನಾನು ನೋಡಿರಲಿಲ್ಲ. ಶಾಲೆಯ ಗೇಟಿನ ಏರಿನಲ್ಲಿ ಕೆಸರಿಗೆ ಚಕ್ರ ಗರಗರ ತಿರುಗಿತೇ ಹೊರತು ಗಾಡಿ ಮೇಲೆ ಹೋಗಲಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗರು ತಳ್ಳಿದರು, ಅವರ ಬಿಳಿ ಅಂಗಿಯ ಕಥೆ ಕೇಳಬೇಡಿ. ಹೊಸ ಟೈರ್ ಎರಡಕ್ಕೆ 5,400. ಜೊತೆಗೆ ಹಿಂದುಗಡೆ ಎರಡು ಚೀಲ ಮರಳು ಹಾಕಿಸಿದೆ. ಆಮೇಲೆ ಮಳೆಗಾಲ ಮುಗಿಯುವವರೆಗೆ ಜಾರಲಿಲ್ಲ. ಮೈಲೇಜ್ ಈ ಏರುಪೇರಿನ ರಸ್ತೆಯಲ್ಲಿ ಹದಿಮೂರು, ಹದಿಮೂರೂವರೆ. ದಿನಕ್ಕೆ ನಲವತ್ತು ಕಿಲೋಮೀಟರ್, ತಿಂಗಳಿಗೆ ಪೆಟ್ರೋಲಿಗೆ ಏಳು ಸಾವಿರದ ಚಿಲ್ಲರೆ. ಫ್ರೀ ಬಸ್ಸಿನ ಮುಂದೆ ಇದು ಜಾಸ್ತಿಯೇ, ಒಪ್ಪುತ್ತೇನೆ.

ಡಿಸೆಂಬರಿನ ಚಳಿಯಲ್ಲೂ ಸೀಟನ್ನು ಹೊಗಳಿದೆ. ಫೆಬ್ರವರಿ ಕೊನೆಗೆ ಬಾಯಿ ಮುಚ್ಚಿತು. ಮಾರ್ಚಿನಲ್ಲಿ ಶನಿವಾರ ಬೆಳಗಿನ ಕ್ಲಾಸ್ ಮುಗಿಸಿ ಮಧ್ಯಾಹ್ನ ಹೊರಟರೆ ಕಾವಲಿಯ ಮೇಲೆ ಕೂತ ಹಾಗೆ. ತೊಡೆಯ ಕೆಳಗೆ ಗೋಣಿಚೀಲ ಮಡಚಿ ಹಾಕಿದೆ, ಒದ್ದೆ ಟವೆಲ್ ಹಾಕಿದೆ, ಅದು ವಸ್ತಾರೆಗೆ ಮೊದಲೇ ಒಣಗಿತು. ಅತ್ತೆ ಒಂದು ಭಾನುವಾರ ಬೇಲೂರಿಗೆ ಹೊರಟವರು ಅರ್ಧ ದಾರಿಯಲ್ಲಿ ಇಳಿದು ಹಿಂದಿನ ಸೀಟಿಗೆ ಹೋದರು. "ಕಡುಬಿನ ಜೊತೆ ನನ್ನನ್ನೂ ಬೇಯಿಸ್ತೀಯಾ?" ಅಂದರು. ಅದಕ್ಕಿಂತ ಹೆಚ್ಚಾಗಿ, ಕಿಟಕಿ ಮುಚ್ಚಿ ಹೋದ ದಿನ ತಲೆನೋವು. ಮಗಳು ಎರಡು ಸಲ ವಾಂತಿ ಮಾಡಿದಳು. ತಿರುವಿನ ರಸ್ತೆ ಅಲ್ವಾ, ಅದಕ್ಕೇ ಅಂದುಕೊಂಡೆ.

ಪರೀಕ್ಷೆಯ ಕೆಲಸ ಮುಗಿದ ಮೇಲೆ ಮೆಕ್ಯಾನಿಕ್ ಹತ್ತಿರ ಹೋದೆ. ಆತ ಸೀಟೆತ್ತಿದ. ಇಂಜಿನ್ ಮುಚ್ಚುವ ತಗಡಿನ ಸುತ್ತ ಬೆರಳು ಓಡಿಸಿದ. ಬೆರಳು ತೋರಿಸಿದ, ಮಸಿ.

"ಅಕ್ಕಾ, ಇದರಲ್ಲಿ ಸುತ್ತ ಇರಬೇಕಾದ ರಬ್ಬರ್ ಬೀಡಿಂಗೇ ಇಲ್ಲವಲ್ಲ. ಒಳಗಿನ ಶೀಟೂ ಕಿತ್ತು ಹಾಕಿದ್ದಾರೆ. ಮೂಟೆ ಇಡೋಕೆ ಸೀಟು ತೆಗೆದು ಓಡಿಸಿದ ಗಾಡಿ ಇದು."

"ಅದಕ್ಕೇ ಇಷ್ಟು ಬಿಸಿನಾ ಅಣ್ಣ? ಮಳೆಗಾಲದಲ್ಲಿ ಹಿತವಾಗಿತ್ತು."

"ಬಿಸಿ ಇರಲಿ, ಹೊಗೆ ಬರ್ತಿದೆಯಲ್ಲ ಒಳಗೆ. ಮಗು ಕೂರಿಸಿಕೊಂಡು ಓಡಾಡ್ತೀರಿ, ಮೂಗು ಏನು ಮಾಡ್ತಿತ್ತು?"

ನನಗೆ ಉತ್ತರ ಇರಲಿಲ್ಲ. ಸೈಲೆನ್ಸರ್ ಪೈಪಿನ ಜಾಯಿಂಟಿನಲ್ಲಿ ಸಣ್ಣ ಸೋರಿಕೆ, ಅದರ ಮೇಲೆ ತಡೆಯಲು ರಬ್ಬರಿಲ್ಲ. ಎಂಟು ತಿಂಗಳು ನಾನು ಸುಖ ಅಂದುಕೊಂಡದ್ದು ಅದೇ ತೂತಿನಿಂದ ಬರುತ್ತಿತ್ತು. ಮಳೆಗೆ ಗಾಜು ಪೂರ್ತಿ ಏರಿಸಿ, ಮಗಳನ್ನು ಅದೇ ಬಿಸಿ ಸೀಟಿನ ಪಕ್ಕ ಮಲಗಿಸಿಕೊಂಡು ಬಂದ ಸಂಜೆಗಳು ಲೆಕ್ಕವಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಹಳೇ ಆಮ್ನಿ ನೋಡುವವರು ದಯವಿಟ್ಟು ಸೀಟೆತ್ತಿ ಬೀಡಿಂಗ್ ಇದೆಯಾ ನೋಡಿ. ಇಂಜಿನ್ ಆನ್ ಮಾಡಿ, ಗಾಜು ಏರಿಸಿ, ಒಳಗೇ ಎರಡು ನಿಮಿಷ ಕೂತು ಮೂಸಿ. ಮಿಕ್ಕದ್ದೆಲ್ಲ ಆಮೇಲೆ.

ರಿಪೇರಿಗೆ ಹಿಡಿದದ್ದು ಒಂದು ಮಧ್ಯಾಹ್ನ, ಖರ್ಚು 700 ರೂಪಾಯಿ. ಎಂಟು ತಿಂಗಳಿಗೆ 700 ರೂಪಾಯಿಯ ಕೆಲಸ!

ಲೆಕ್ಕ ಕೇಳುವವರಿಗೆ ಹೇಳಿಬಿಡುತ್ತೇನೆ. ಗಾಡಿಗೆ 95,000, ಆರ್‌ಸಿಗೆ 9,000, ಟೈರಿಗೆ 5,400. ಥರ್ಡ್ ಪಾರ್ಟಿ ಇನ್ಶೂರೆನ್ಸ್ 2,094, ಜಿಎಸ್‌ಟಿ ಸೇರಿ ಹತ್ತಿರ ಎರಡೂವರೆ ಸಾವಿರ. ಆಯಿಲ್, ಬ್ರೇಕ್ ಶೂ ಅಂತ ಸರ್ವೀಸಿಗೆ 4,200, ಈ ಬೀಡಿಂಗಿಗೆ 700. ಒಟ್ಟು 1,16,800. ಈ ಜುಲೈನಲ್ಲಿ 98,000ಕ್ಕೆ ಹೋಯಿತು. ತಗೊಂಡದ್ದಕ್ಕಿಂತ ಜಾಸ್ತಿ ಸಿಗಲು ಕಾರಣ, ನಾನು ಬೈದುಕೊಂಡು ಮಾಡಿಸಿದ ಅದೇ ಆರ್‌ಸಿ, 2029ರವರೆಗೆ ಇದೆಯಲ್ಲ. ಪೆಟ್ರೋಲ್ ಬಿಟ್ಟರೆ ತಿಂಗಳಿಗೆ ಸಾವಿರದ ನಾನೂರೈವತ್ತು ಬಿತ್ತು. ದಾರಿಯಲ್ಲಿ ಒಮ್ಮೆಯೂ ಕೈಕೊಟ್ಟು ನಿಲ್ಲಲಿಲ್ಲ. ಬ್ರೋಕರ್ ಮೇಲಿನ ಸಿಟ್ಟು ಹಾಗೇ ಇದೆ, ಗಾಡಿಯ ಮೇಲೆ ಇಲ್ಲ.

ಆದರೂ ಒಂದು ಹೇಳಬೇಕು. ಈ ಜೂನಿನಲ್ಲಿ ಮತ್ತೆ ಮಳೆ ಹಿಡಿಯಿತು. ನೆನೆದ ಸೀರೆಯಲ್ಲಿ ಹತ್ತಿ ಕೂತೆ. ವಸ್ತಾರೆ ಬಂತು, ಆಲ್ದೂರೂ ಬಂತು, ಸೀಟು ಸ್ವಲ್ಪ ಉಗುರುಬೆಚ್ಚಗೆ, ಅಷ್ಟೇ. ಸಾಕ್ಸ್ ಒದ್ದೆಯಾಗೇ ಉಳಿಯಿತು. ಅತ್ತೆ ಡಬ್ಬಿಗೆ ಎರಡು ಸುತ್ತು ಬಟ್ಟೆ ಜಾಸ್ತಿ ಸುತ್ತಿದರು. ಬೆಲ್ಲಿಗೆ ಹತ್ತು ನಿಮಿಷ ಇರುವಾಗ ತಣ್ಣಗಿನ ಕಡುಬು ತಿಂದೆ.

ತಗೊಂಡವರು ಸಂತೆಗೆ ತರಕಾರಿ ಹಾಕುವವರು. ಒಂದು ರೌಂಡ್ ಓಡಿಸಿ ಬಂದು, "ಯಾರು ಓಡಿಸಿದ್ದು?" ಅಂದರು. ಟೀಚರ್ ಅಂದೆ. ನಕ್ಕರು, ನಂಬಲಿಲ್ಲ ಅನಿಸುತ್ತದೆ. ಆಮೇಲೆ ಬಾಗಿಲು ಎಳೆದು ಒಳಗೆ ನೋಡುತ್ತಾ, "ಈ ಎಡಗಡೆ ಸೀಟು ತೆಗೆದರೆ ಇನ್ನೂ ನಾಲ್ಕು ಕ್ರೇಟು ಹಿಡಿಯುತ್ತೆ" ಅಂದರು. ಸೀಟು ಬೇಕಾದರೆ ತೆಗೀರಿ, ಅಡಿಯ ರಬ್ಬರ್ ಮಾತ್ರ ಕೀಳಬೇಡಿ ಅಂತ ಅಲ್ಲೇ ಕೂತು ಸೀಟೆತ್ತಿ ತೋರಿಸಿದೆ. ತಲೆಯಾಡಿಸಿದರು.