ಹಂಚಿಕೆಯ ತೋಟವೋ, ಸ್ವಂತ ಬಾಲ್ಕನಿಯೋ?

ಒಂದೇ ಮಲಗುವ ಕೋಣೆಯ ಬಾಡಿಗೆ ಫ್ಲ್ಯಾಟ್ ಹುಡುಕುವವರು ಹಂಚಿಕೆಯ ತೋಟವಿರುವ ಮನೆಯನ್ನೂ ತೋಟವಿಲ್ಲದೆ ಬಾಲ್ಕನಿ ಮಾತ್ರ ಇರುವ ಮನೆಯನ್ನೂ ತೂಗಿ ನೋಡುವಾಗ, ಬಾಡಿಗೆಯ ಜೊತೆಗೆ ನಿರ್ವಹಣಾ ಶುಲ್ಕವನ್ನೂ ಕೇಳಿ ತಿಳಿಯಬೇಕು. ತೋಟದ ನೀರು, ಮಾಲಿಯ ಸಂಬಳ, ದೀಪಗಳ ವಿದ್ಯುತ್ತು ಸಾಮಾನ್ಯವಾಗಿ ಅದರಲ್ಲೇ ಸೇರಿರುವುದರಿಂದ, ತೋಟಕ್ಕೆ ಕಾಲಿಡದ ತಿಂಗಳಲ್ಲೂ ಹಣ ತೆರಬೇಕಾಗುತ್ತದೆ. ಬಾಲ್ಕನಿಗೆ ಆ ಬಾಬತ್ತಿಲ್ಲ. ಆದರೆ ಕುಂಡ, ಮಣ್ಣು, ನೀರಿನ ಕೆಲಸವೆಲ್ಲ ನಿಮ್ಮದೇ.

ಹೆಚ್ಚು ಯೋಚಿಸಬೇಕಾದದ್ದು ಮಹಡಿಯ ಬಗ್ಗೆ. ತೋಟದತ್ತ ಕಿಟಕಿ ತೆರೆಯುವ ನೆಲಮಹಡಿಯಲ್ಲಿ ಬೆಂಚಿನ ಮೇಲಿನ ಹರಟೆ ಹಾಸಿಗೆಯವರೆಗೂ ಕೇಳಿಸುತ್ತದೆ, ಹಗಲಿಡೀ ಪರದೆ ಎಳೆದೇ ಇರಬೇಕಾದೀತು. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ, ಬೆರಳಿಟ್ಟರೆ ಪುಡಿ ಉದುರುತ್ತಿದ್ದರೆ, ಹೊರಗಿನ ಪಾತಿಯ ತೇವ ಒಳಗೆ ಇಳಿಯುತ್ತಿರಬಹುದೆಂದು ಶಂಕಿಸಿ. ಅದೇ ತೋಟ ಮೂರನೆಯ ಮಹಡಿಯವರಿಗೆ ಹಸಿರನ್ನಷ್ಟೇ ಕೊಡುತ್ತದೆ, ಕಿರಿಕಿರಿಯನ್ನಲ್ಲ.

ಟೊಮೆಟೊ, ಮೆಣಸಿನಕಾಯಿ ಬೆಳೆಯುವ ಹಂಬಲವಿದ್ದವರಿಗೆ, ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೀಳುವ ಬಾಲ್ಕನಿಯೇ ಮೇಲು. ಹಂಚಿಕೆಯ ತೋಟದಲ್ಲಿ ಒಂದು ಸಸಿ ನೆಡಲೂ ಎಲ್ಲರ ಒಪ್ಪಿಗೆ ಬೇಕಾಗಬಹುದು (ಸಮಿತಿಯ ಸಭೆಯಲ್ಲಿ ಕೂತವರಿಗೆ ಇದರ ಸುಖ ಗೊತ್ತು). ಚಿಕ್ಕ ಮಗುವಿರುವವರಿಗೆ, ಊರಿಗೆ ಹೊಸಬರಾಗಿ ಒಂಟಿಯಾಗಿರುವವರಿಗೆ ತೋಟವೇ ಹಿತ. ತೋಟ ಬಳಸುವ ಹಕ್ಕು ಬಾಯಿಮಾತಿನಲ್ಲಿ ಉಳಿಯದೆ ಕರಾರುಪತ್ರದಲ್ಲಿ ನಮೂದಾಗಿದೆಯೇ ಎಂಬುದನ್ನು ಸಹಿಗೆ ಮೊದಲೇ ನೋಡಿಕೊಳ್ಳಿ.